ಲೀಡ್ಸ್‌ನಲ್ಲಿ ಶನಿವಾರ: ಸಸ್ಯಾಹಾರಿಗೆ ಚಿಪ್ಸ್, ಮ್ಯಾಚು, ಪಬ್ಬು, ಬಸ್ಸು

ಕಡ್ಲೆಪುರಿ ಕೇಳಿದ್ದು:

ಸೆಪ್ಟೆಂಬರ್ ಎರಡನೇ ವಾರ ಓದಲು ಲೀಡ್ಸ್‌ಗೆ ಹೊರಟಿದ್ದೇನೆ. ಲಂಡನ್ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಸಿಗುತ್ತದೆ, ಲೀಡ್ಸ್ ಇರುವ ಯಾರ್ಕ್‌ಷೈರ್ ಬಗ್ಗೆ ಹುಡುಕಿದರೆ ಏನೂ ಇಲ್ಲ. ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇಲ್ಲ. ನಾಲ್ಕು ವಿಷಯ ಗೊತ್ತಾಗಬೇಕು. ಫಿಶ್ ಅಂಡ್ ಚಿಪ್ಸ್ ಅಂಗಡಿಗೆ ಹೋಗಿ ಬರೀ ಚಿಪ್ಸ್ ತಿಂದರೆ ನಡೆಯುತ್ತದಾ? ಹೆಡಿಂಗ್ಲಿಯಲ್ಲಿ ಕ್ರಿಕೆಟ್, ಎಲಂಡ್ ರೋಡ್‌ನಲ್ಲಿ ಫುಟ್‌ಬಾಲ್ ನೋಡಬೇಕೆಂದರೆ ಏನು ತಿಳಿದಿರಬೇಕು? ಪಬ್ಬಿನಲ್ಲಿ ಆರ್ಡರ್ ಮಾಡುವ ರೀತಿ ಹೇಗೆ? ಬಸ್ಸು, ರೈಲಿನಲ್ಲಿ ದುಡ್ಡು ದಂಡ ಆಗದ ಹಾಗೆ ಓಡಾಡುವುದು ಹೇಗೆ? "ಹೋದ ಮೇಲೆ ಗೊತ್ತಾಗುತ್ತೆ ಬಿಡಿ" ಎನ್ನುವ ಉತ್ತರ ದಯವಿಟ್ಟು ಬೇಡ.

ಉಪ್ಪುಹುಳಿ:

ಮೊದಲ ಪ್ರಶ್ನೆಗೆ ಉತ್ತರ: ಕೇಳದೆ ತಿಂದರೆ ನಡೆಯುವುದಿಲ್ಲ. ಯಾರ್ಕ್‌ಷೈರ್‌ನ ಚಿಪ್ಸ್ (ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ) ಅಂಗಡಿಗಳಲ್ಲಿ ಕರಿಯುವುದು ಹೆಚ್ಚಾಗಿ ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದರೆ ಕರಗಿಸಿ ಸೋಸಿದ ದನದ ಕೊಬ್ಬಿನಲ್ಲಿ. ಮೀನಿಗೆ ಮಾತ್ರ ಅಲ್ಲ, ಆಲೂಗಡ್ಡೆಗೂ ಅದೇ. ದಕ್ಷಿಣದ ಕಡೆ ಸಸ್ಯದ ಎಣ್ಣೆಯೇ ಸಾಮಾನ್ಯ, ಹಾಗಾಗಿ ಲಂಡನ್‌ನಲ್ಲಿರುವ ನೆಂಟರು "ಚಿಪ್ಸ್ ತಾನೆ, ಧೈರ್ಯವಾಗಿ ತಿನ್ನು" ಎಂದು ಹೇಳಿದ್ದನ್ನು ಲೀಡ್ಸ್‌ಗೆ ತರಬೇಡಿ. ಕೌಂಟರಿನಲ್ಲಿ "ವಾಟ್ ಡು ಯು ಫ್ರೈ ಇನ್?" ಎಂದರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಡ್ರಿಪ್ಪಿಂಗ್ ಬಳಸುವವರು ಅದನ್ನು ಹೆಮ್ಮೆಯಿಂದ ಬೋರ್ಡಿನಲ್ಲೇ ಬರೆದಿರುವುದೂ ಉಂಟು. ಎಣ್ಣೆ ಎಂದು ಹೇಳಿದರೆ ಇನ್ನೊಂದು ಪ್ರಶ್ನೆ ಬಾಕಿ ಇದೆ: ಮೀನು ಕರಿದ ಬಾಣಲೆಯಲ್ಲೇ ಚಿಪ್ಸ್ ಕರಿಯುತ್ತಾರಾ, ಬೇರೆ ಇದೆಯಾ?

ಕೊಬ್ಬೇ ಯಾಕೆ ಎಂದರೆ, ಅದು ಕಾದ ಕಾವಿಗೆ ಬೇಗ ಕೆಡುವುದಿಲ್ಲ, ಚಿಪ್ಸಿನ ಹೊರಮೈ ಗರಿಯಾಗುತ್ತದೆ. ತಣ್ಣಗಾದರೆ ಮಾತ್ರ ತುಟಿಗೆ ಮೇಣದ ಹಾಗೆ ಅಂಟುತ್ತದೆ. ಡ್ರಿಪ್ಪಿಂಗ್ ಗುರುತಿಸಲು ಅದೂ ಒಂದು ಲಕ್ಷಣ, ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಮೋಸಹೋಗುವ ಇನ್ನೊಂದು ಪದಾರ್ಥ ಯಾರ್ಕ್‌ಷೈರ್ ಫಿಶ್‌ಕೇಕ್. ನೋಡಿದರೆ ದಪ್ಪ ಆಲೂಗಡ್ಡೆ ಬಜ್ಜಿ. ಎರಡು ಆಲೂ ಬಿಲ್ಲೆ, ನಡುವೆ ಮೀನು, ಮೇಲೆ ಹಿಟ್ಟು. "ಸ್ಕ್ರಾಪ್ಸ್" ಎಂದರೆ ಬಾಣಲೆಯಲ್ಲಿ ಉದುರಿದ ಹಿಟ್ಟಿನ ಪುಡಿ, ನಮ್ಮ ಬೂಂದಿಯ ಹಾಗಿರುತ್ತದೆ. ಕೇಳಿದರೆ ಚಿಪ್ಸಿನ ಮೇಲೆ ಸುರಿದು ಕೊಡುತ್ತಾರೆ. ಅದು ಮೀನಿನ ಬಾಣಲೆಯದು, ಬೇಡ ಎನ್ನಿ. ಗ್ರೇವಿ ಮಾಂಸದ್ದು ಎಂದೇ ತಿಳಿಯಿರಿ. ಕರಿ ಸಾಸ್ ಬಹಳ ಕಡೆ ಸಸ್ಯಾಹಾರಿಯೇ, ಆದರೂ ಕೇಳಿ. ಮೇಜಿನ ಮೇಲಿನ "ವಿನೆಗರ್" ಅನೇಕ ಸಲ ಮಾಲ್ಟ್ ವಿನೆಗರ್ ಅಲ್ಲ, ನೀರಿಗೆ ಅಸಿಟಿಕ್ ಆಮ್ಲ, ಕ್ಯಾರಮೆಲ್ ಬಣ್ಣ ಬೆರೆಸಿದ್ದು. ರುಚಿ ಚೂಪಾಗಿರುತ್ತದೆ, ತಿನ್ನಲು ಅಡ್ಡಿಯಿಲ್ಲ.

"ಓಪನ್ ಆರ್ ರ‍್ಯಾಪ್ಡ್?" ಎಂದು ಕೇಳುತ್ತಾರೆ. ಅಲ್ಲೇ ತಿನ್ನುವುದಾದರೆ ಓಪನ್. ಕಾಗದ ಸುತ್ತಿಸಿಕೊಂಡರೆ ಹಬೆಯಲ್ಲೇ ಬೆಂದು ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಮೊದಲು ವಿನೆಗರ್, ಆಮೇಲೆ ಉಪ್ಪು. ತಿರುಗಾಮುರುಗಾ ಮಾಡಿದರೆ ವಿನೆಗರ್ ಉಪ್ಪನ್ನು ತೊಳೆದು ತಳಕ್ಕೆ ಇಳಿಸುತ್ತದೆ. ಬೆಣ್ಣೆ ಸವರಿದ ಬನ್ನಿನೊಳಗೆ ಚಿಪ್ಸ್ ತುಂಬಿದರೆ ಅದು ಚಿಪ್ ಬಟಿ. ಆ ಬನ್ನಿಗೆ ಲೀಡ್ಸ್, ಶೆಫೀಲ್ಡ್ ಕಡೆ "ಬ್ರೆಡ್‌ಕೇಕ್", ಮ್ಯಾಂಚೆಸ್ಟರ್‌ನಲ್ಲಿ "ಬಾರ್ಮ್", ನಾಟಿಂಗ್‌ಹ್ಯಾಮ್‌ನಲ್ಲಿ "ಕಾಬ್". ಕೇಕ್ ಅಂದುಕೊಂಡು ಸಿಹಿ ನಿರೀಕ್ಷಿಸಬೇಡಿ.

ಮಶಿ ಪೀಸ್, ಅಂದರೆ ಗೊಜ್ಜಿನ ಹಾಗೆ ಬೇಯಿಸಿದ ಬಟಾಣಿ, ಮಾತ್ರ ಮನೆಯಲ್ಲೇ ಮಾಡಿಕೊಳ್ಳಿ, ಸುಲಭ. ಒಣ ಮ್ಯಾರೋಫ್ಯಾಟ್ (ದಪ್ಪ ಕಾಳಿನ) ಬಟಾಣಿ 250 ಗ್ರಾಂ, ಒಂದು ದೊಡ್ಡ ಚಮಚ ಅಡುಗೆ ಸೋಡಾ, ಮುಳುಗಿ ಮೂರು ಬೆರಳು ಮೇಲೆ ನಿಲ್ಲುವಷ್ಟು ಕುದಿನೀರು, ರಾತ್ರಿಯಿಡೀ ನೆನೆ. ಬೆಳಿಗ್ಗೆ ಆ ನೀರು ಚೆಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯಬೇಕು. ತೊಳೆಯದಿದ್ದರೆ ಸೋಪಿನ ರುಚಿ ಬರುತ್ತದೆ, ಬಹಳ ಜನ ಎಡವುವುದು ಇಲ್ಲೇ. ಹೊಸ ನೀರಿನಲ್ಲಿ ಸಣ್ಣ ಉರಿಗೆ ಅರ್ಧ ಗಂಟೆ, ಹಳೇ ಕಾಳಾದರೆ ಒಂದು ಗಂಟೆ. ಉಪ್ಪು ಕೊನೆಗೆ. ಗೊಜ್ಜಿನ ಹದಕ್ಕೆ ಬಂದಾಗ ಇಳಿಸಿ, ಆರುತ್ತ ಇನ್ನೂ ಗಟ್ಟಿಯಾಗುತ್ತದೆ.

ಲೆಗ್‌ಗಲ್ಲಿ:

ಆಟದ ವಿಷಯ ನಾನು ಹೇಳುತ್ತೇನೆ.

ಕೌಂಟಿ ಕ್ರಿಕೆಟ್, ಅಂದರೆ ಇಂಗ್ಲೆಂಡಿನ ಪ್ರಾಂತೀಯ ತಂಡಗಳ ಆಟದ ಋತು ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆವರೆಗೆ. ನೀವು ಇಳಿಯುವ ಹೊತ್ತಿಗೆ ಕೌಂಟಿ ಚಾಂಪಿಯನ್‌ಷಿಪ್‌ನ ಕೊನೇ ಎರಡು ಮೂರು ಸುತ್ತು ಉಳಿದಿರುತ್ತದೆ ಅಷ್ಟೆ. ಪೆಟ್ಟಿಗೆ ಬಿಚ್ಚುವ ಮೊದಲು ಯಾರ್ಕ್‌ಷೈರ್ ತಂಡದ ವೇಳಾಪಟ್ಟಿ ನೋಡಿ. ನಾಲ್ಕು ದಿನದ ಪಂದ್ಯ, ದಿನಕ್ಕೆ 96 ಓವರ್, ಸೆಪ್ಟೆಂಬರ್‌ನಲ್ಲಿ ಹೊತ್ತು ಬೇಗ ಇಳಿಯುವುದರಿಂದ ಬೆಳಿಗ್ಗೆ ಬೇಗ ಶುರು. ಟೆಸ್ಟ್ ಪಂದ್ಯದ ಹಾಗೆ ಟಿಕೆಟ್‌ಗೆ ತಿಂಗಳುಗಟ್ಟಲೆ ಮುಂಚೆ ಕಾಯಬೇಕಿಲ್ಲ, ಕುರ್ಚಿ ಬೇಕಾದಲ್ಲಿ ಸಿಗುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವುದು ಅಲ್ಲಿ ಮಾಮೂಲು, ಚಿತ್ರಾನ್ನದ ಡಬ್ಬಿ ತೆರೆದರೆ ಯಾರೂ ತಿರುಗಿ ನೋಡುವುದಿಲ್ಲ.

ಪಾಲಿಸಲೇಬೇಕಾದ ಒಂದು ಶಿಸ್ತು: ಓವರ್ ನಡೆಯುವಾಗ ಎದ್ದು ಓಡಾಡಬಾರದು, ಅದರಲ್ಲೂ ಬೌಲರ್ ಬೆನ್ನ ಹಿಂದಿನ ಸಾಲಿನಲ್ಲಿ. ಸಿಬ್ಬಂದಿ ಮೆಟ್ಟಿಲ ಬಾಯಲ್ಲೇ ನಿಲ್ಲಿಸುತ್ತಾರೆ. ಓವರ್ ಮುಗಿದ ಮೇಲೆ ಸೀಟಿಗೆ ಹೋಗಿ. ಚಹಾ ತಟ್ಟೆ ಹಿಡಿದು ನಡುವೆ ನಿಂತರೆ ಇಡೀ ಸ್ಟ್ಯಾಂಡ್ ನಿಮ್ಮನ್ನೇ ನೋಡುತ್ತದೆ.

ಹೆಡಿಂಗ್ಲಿಯಲ್ಲಿ ಪಿಚ್ ನೋಡಬೇಡ, ಆಕಾಶ ನೋಡು ಎನ್ನುವ ಮಾತಿದೆ. ಮೋಡ ಕವಿದರೆ ಚೆಂಡು ಗಾಳಿಯಲ್ಲಿ ಸ್ವಿಂಗ್ ಆಗುತ್ತದೆ. 1986ರಲ್ಲಿ ನಮ್ಮ ರೋಜರ್ ಬಿನ್ನಿ 40 ರನ್‌ಗೆ 5 ವಿಕೆಟ್ ಕಿತ್ತು ಇಂಗ್ಲೆಂಡ್ 102ಕ್ಕೆ ಕುಸಿದದ್ದು ಇಲ್ಲೇ. 2002ರಲ್ಲಿ ಅಂಥ ವಾತಾವರಣದಲ್ಲಿ ಭಾರತ ತಾನಾಗಿ ಮೊದಲು ಬ್ಯಾಟ್ ಹಿಡಿಯಿತು, ದ್ರಾವಿಡ್ 148 ಹೊಡೆದರು, ಇನಿಂಗ್ಸ್ ಗೆಲುವು ಸಿಕ್ಕಿತು. ಮೋಡ ಸರಿದರೆ ಕಥೆ ಬೇರೆ: 2025ರ ಜೂನ್‌ನಲ್ಲಿ ಕೆ.ಎಲ್. ರಾಹುಲ್ ಎರಡನೇ ಇನಿಂಗ್ಸ್‌ನಲ್ಲಿ 137 ಮಾಡಿದರೂ ಇಂಗ್ಲೆಂಡ್ ಕೊನೇ ದಿನ 371 ಬೆನ್ನಟ್ಟಿ ಮುಟ್ಟಿತು. ಪ್ರೇಕ್ಷಕರಿಗೂ ಇದೇ ಪಾಠ. ಒಂದು ದಪ್ಪ ಸ್ವೆಟರ್ ಬದಲು ತೆಳು ಬಟ್ಟೆ ಮೂರು ಪದರ, ಮೇಲೊಂದು ಮಳೆ ಜಾಕೆಟ್. ಛತ್ರಿ ಬಿಚ್ಚಿದರೆ ಹಿಂದಿನವರಿಗೆ ಆಟ ಕಾಣುವುದಿಲ್ಲ. ಟೆಸ್ಟ್‌ಗೆ ಟಿಕೆಟ್ ಕೊಳ್ಳುವಾಗ ವೆಸ್ಟರ್ನ್ ಟೆರೇಸ್ ಎಂದಿದ್ದರೆ ಗೊತ್ತಿರಲಿ, ಅದು ವೇಷ ಹಾಕಿಕೊಂಡು ಕುಡಿದು ಹಾಡುವವರ ಕಡೆ. ಆಟ ನೋಡುವ ಆಸೆಯಿದ್ದರೆ ಬೇರೆ ಸ್ಟ್ಯಾಂಡ್ ತೆಗೆದುಕೊಳ್ಳಿ.

ಫುಟ್‌ಬಾಲ್‌ನಲ್ಲಿ ಮೊದಲು ಗೊಂದಲ ಹುಟ್ಟಿಸುವುದು ಟಿವಿ. ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಬ್ರಿಟನ್ನಿನಲ್ಲಿ ಫುಟ್‌ಬಾಲ್ ನೇರಪ್ರಸಾರವಿಲ್ಲ. ಭಾರತದಲ್ಲಿ ಕುಳಿತವರಿಗೆ ಕಾಣುವ 3 ಗಂಟೆಯ ಪಂದ್ಯ, ಕ್ರೀಡಾಂಗಣದ ಪಕ್ಕದ ಬೀದಿಯವರಿಗೆ ಕಾಣುವುದಿಲ್ಲ! 1960ರ ದಶಕದಲ್ಲಿ ಬರ್ನ್‌ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಪಟ್ಟು ಹಿಡಿದು ತಂದ ಏರ್ಪಾಡು ಇದು. ದೊಡ್ಡ ತಂಡ ಟಿವಿಯಲ್ಲಿ ಬಂದರೆ ಸಣ್ಣ ಊರಿನ ಮೈದಾನ ಖಾಲಿ ಹೊಡೆಯುತ್ತದೆ ಎಂಬುದು ಅವರ ವಾದ.

ಎಲಂಡ್ ರೋಡ್‌ಗೆ ಟಿಕೆಟ್ ಬೇಕಾದರೆ ಅಲ್ಲಿನ ಲೀಡ್ಸ್ ಯುನೈಟೆಡ್ ಕ್ಲಬ್ಬಿನ ಸದಸ್ಯತ್ವ ಮೊದಲು, ಟಿಕೆಟ್ ಆಮೇಲೆ. ಬೀದಿಯಲ್ಲಿ, ಸಾಮಾಜಿಕ ಜಾಲತಾಣದಲ್ಲಿ ಮಾರುವವರಿಂದ ಕೊಳ್ಳಬೇಡಿ. ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರ ಕಾಯ್ದೆಯಡಿ ಅಪರಾಧ, ಗೇಟಿನಲ್ಲಿ ಆ ಟಿಕೆಟ್ ಸತ್ತಿರುವ ಸಾಧ್ಯತೆಯೇ ಹೆಚ್ಚು. ಫೋನಿನ ಟಿಕೆಟ್ ಆದರೆ ಮನೆಯಲ್ಲೇ ಇಳಿಸಿಕೊಳ್ಳಿ, ಮೂವತ್ತು ಸಾವಿರ ಜನ ಒಂದೆಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ಎದುರಾಳಿ ತಂಡದ ಬಣ್ಣ ತೊಟ್ಟು ತವರಿನವರ ಕಡೆ ಕೂತರೆ ಹೊರಗೆ ಕಳಿಸುತ್ತಾರೆ. ಮೈದಾನ ಕಾಣುವ ಜಾಗದಲ್ಲಿ ಬಿಯರ್ ಹಿಡಿಯುವಂತಿಲ್ಲ, ಅದು 1985ರ ಕಾನೂನು, ಫುಟ್‌ಬಾಲ್‌ಗೆ ಮಾತ್ರ. ಅದಕ್ಕೇ ವಿರಾಮಕ್ಕೆ ಐದು ನಿಮಿಷ ಇರುವಾಗಲೇ ಜನ ಎದ್ದು ಓಡುತ್ತಾರೆ. ವಿರಾಮ 15 ನಿಮಿಷ, ಸಾಲು ಅದಕ್ಕಿಂತ ಉದ್ದ. ಚಳಿಗೆ ಎಲ್ಲರೂ ಹೀರುವ ಕಂದು ಬಣ್ಣದ ಬಿಸಿ "ಬಾವ್ರಿಲ್" ಚಹಾ ಅಲ್ಲ, ದನದ ಮಾಂಸದ ಸಾರ. ನಿಮಗೆ ಚೀಸ್ ಅಂಡ್ ಆನಿಯನ್ ಪೇಸ್ಟಿ (ಓವನ್‌ನಲ್ಲಿ ಬೇಯಿಸಿದ ಕರ್ಜಿಕಾಯಿಯಂಥದು) ಸಿಕ್ಕರೆ ಅದೃಷ್ಟ.

ನೀವು ಕೇಳದಿದ್ದರೂ ಹೇಳುತ್ತೇನೆ, ಲೀಡ್ಸ್‌ಗೆ ಹೋಗಿ ರಗ್ಬಿ ಲೀಗ್ ನೋಡದೆ ಬರಬೇಡಿ. ಹೆಡಿಂಗ್ಲಿ ಕ್ರಿಕೆಟ್ ಮೈದಾನದ ಬೆನ್ನಿಗೇ ರಗ್ಬಿ ಮೈದಾನ, ನಡುವೆ ಒಂದೇ ಸ್ಟ್ಯಾಂಡ್, ಎರಡು ಮುಖ. ಕೂಲಿ ಬಿಟ್ಟು ಆಡಲು ಬರುವ ಕಾರ್ಮಿಕರಿಗೆ ಆ ದಿನದ ಸಂಬಳ ಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ ಉತ್ತರದ ಕ್ಲಬ್ಬುಗಳು 1895ರ ಆಗಸ್ಟ್ 29ರಂದು ಪಕ್ಕದ ಹಡರ್ಸ್‌ಫೀಲ್ಡ್‌ನಲ್ಲಿ ಸೇರಿ ಮೂಲ ರಗ್ಬಿ ಸಂಸ್ಥೆಯಿಂದ ಬೇರೆಯಾದವು, ಅದರಿಂದ ಹುಟ್ಟಿದ ಆಟ. ತಂಡಕ್ಕೆ 13 ಜನ. ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬಹುದು. ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದರೆ ಟ್ರೈ, ಅದಕ್ಕೆ 4 ಅಂಕ, ಅದರ ಹಿಂದೆ ಒದೆಯುವ ಕಿಕ್‌ಗೆ 2. ಕಬಡ್ಡಿ ಕಂಡವರಿಗೆ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ.

ಜವಾರಿ:

ಉಪ್ಪುಹುಳಿ ಅವರು ಹೇಳಿದ್ದು ಖರೇ, ಆದ್ರ ಒಂದಿಷ್ಟು ತಿದ್ದಬೇಕು. ಲೀಡ್ಸ್‌ನ್ಯಾಗ ಎಣ್ಣ್ಯಾಗ ಕರಿಯೋ ಅಂಗಡಿನೂ ಅದಾವ, ವಿದ್ಯಾರ್ಥಿಗಳು ಇರೋ ಓಣಿಯೊಳಗ ಹೆಚ್ಚು. ಮತ್ತ ಪಬ್ಬಿನ ಚಿಪ್ಸ್ ಸಾಮಾನ್ಯವಾಗಿ ಎಣ್ಣ್ಯಾಗನ ಕರೀತಾರ. ಅಲ್ಲಿ ತೊಂದ್ರಿ ಕೊಬ್ಬಿಂದಲ್ಲ, ಮೀನು ಕರಿದ ಎಣ್ಣಿದು.

ಪಬ್ಬಿಗೆ ಬರೂಣು. ಟೇಬಲ್‌ಗೆ ಯಾರೂ ಬರಂಗಿಲ್ಲ, ನೀವ ಬಾರ್‌ಗೆ ಹೋಗಿ ನಿಂದರಬೇಕು. ಸಾಲು ಕಣ್ಣಿಗೆ ಕಾಣಂಗಿಲ್ಲ, ಆದ್ರ ಐತಿ. ನಿಮಗಿಂತ ಮೊದಲ ಯಾರು ಬಂದಿದ್ರು ಅಂತ ನೆನಪಿಟ್ಕೊಳ್ರಿ. ನಿಮ್ಮನ್ನ ಮೊದಲ ಕೇಳಿದ್ರ "ಅವರು ಮೊದಲ" ಅಂತ ಕೈ ತೋರಿಸ್ರಿ. ಚಿಟಿಕಿ ಹೊಡಿಯೋದು, ನೋಟು ಅಲ್ಲಾಡಿಸೋದು ಬ್ಯಾಡ. ರೊಕ್ಕ ಆಗಿಂದಾಗ ಕೊಡಬೇಕು, ಬಾರ್‌ನ್ಯಾಗ ಟಿಪ್ಸ್ ಪದ್ಧತಿ ಇಲ್ಲ. ಪೈಂಟ್ ಅಂದ್ರ 568 ಮಿ.ಲೀ., ಒಬ್ಬರಿಗೆ ಜಾಸ್ತಿ ಆತು ಅಂದ್ರ "ಹಾಫ್" ಕೇಳ್ರಿ. ನಾಲ್ಕು ಮಂದಿ ಕೂತ್ರ ಒಬ್ಬೊಬ್ಬರು ಒಂದೊಂದು ಸುತ್ತು ಕೊಡಸ್ತಾರ. ಮೂರು ಸುತ್ತು ಕುಡದು ನಿಮ್ಮ ಪಾಳಿ ಬಂದಾಗ ಎದ್ದು ಹೋದ್ರ ಅದನ್ನ ಮರಿಯಂಗಿಲ್ಲ. ಕುಡಿಯೂದ ಬ್ಯಾಡ ಅನಿಸಿದ್ರ "ಲೈಮ್ ಅಂಡ್ ಸೋಡಾ", ಅಗ್ಗದ್ದು. ನಳದ ನೀರು ಕೇಳಿದ್ರ ಪುಕ್ಕಟೆ ಕೊಡಬೇಕಂತ ಕಾನೂನ ಐತಿ.

ಕಟ್ಟಾ ಸಸ್ಯಾಹಾರಿಗಳಿಗೆ ಒಂದು ಮಾತು. ಕೈಪಂಪಿನಿಂದ ಎಳದು ಕೊಡೋ ಕಾಸ್ಕ್ ಏಲ್ (ಒಂದು ಥರದ ಬಿಯರ್) ತಿಳಿ ಆಗಲಿ ಅಂತ ಬಾಳ ಕಡೆ ಐಸಿಂಗ್ಲಾಸ್ ಹಾಕ್ತಾರ, ಅದು ಮೀನಿನ ಗಾಳಿಚೀಲದ್ದು. ಮಬ್ಬಾಗಿರೋ ಏಲ್ ಮ್ಯಾಲೆ "ಅನ್‌ಫೈನ್ಡ್" ಅಂತ ಬರದಿದ್ರ ಅದರಾಗ ಇರಂಗಿಲ್ಲ.

ಅಂಗಡಿಯೊಳಗ ಹೆಸರು ನೋಡಿ ಮೋಸ ಹೋಗಬ್ಯಾಡ್ರಿ. ಕ್ರಿಸ್‌ಮಸ್ ಹೊತ್ತಿಗೆ ಬರೋ ಮಿನ್ಸ್‌ಪೈ ಒಳಗಿನ "ಮಿನ್ಸ್‌ಮೀಟ್" ಅಂದ್ರ ಮಾಂಸ ಅಲ್ಲ, ಒಣದ್ರಾಕ್ಷಿ, ಸೇಬು, ಮಸಾಲಿ. ಹಂಗಂತ ಸಲೀಸಾಗಿ ತಿನ್ನಬ್ಯಾಡ್ರಿ, ಕೆಲವದರಾಗ ಸೂಯೆಟ್ ಇರತೈತಿ, ದನದ ಕೊಬ್ಬು! ವೆಜಿಟೇರಿಯನ್ ಗುರುತು ಇದ್ದದ್ದ ತಗೋರಿ. ವೂಸ್ಟರ್ ಸಾಸ್‌ನ್ಯಾಗ ಆಂಚೊವಿ ಮೀನು, ಜೆಲ್ಲಿ ಮಿಠಾಯಿಯೊಳಗ ಜೆಲಟಿನ್, ಸಂಡೇ ರೋಸ್ಟ್ ಆಲೂಗಡ್ಡಿಗೆ ಒಮ್ಮೊಮ್ಮೆ ಬಾತುಕೋಳಿ ಕೊಬ್ಬು. ಯಾರ್ಕ್‌ಷೈರ್ ಪುಡಿಂಗ್ ಸಿಹಿ ಅಲ್ಲ, ಮೊಟ್ಟಿ ಹಾಲು ಹಿಟ್ಟು. ನಿಮಗ ನಡಿತೈತಿ, ಯಾವ ಕೊಬ್ಬಿನಾಗ ಸುಟ್ಟಾರ ಅಂತ ಮಾತ್ರ ಕೇಳ್ರಿ.

ಇನ್ನ "ಟೀ". ಯಾರ್ಕ್‌ಷೈರ್‌ನವರು "ಕಮ್ ಫಾರ್ ಯರ್ ಟೀ" ಅಂದ್ರ ಚಹಾಕ್ಕ ಅಲ್ಲ, ಸಂಜಿ ಊಟಕ್ಕ ಕರದಾರ ಅಂತ. ಹೊಟ್ಟಿ ತುಂಬ ತಿಂದು ಹೋಗಬ್ಯಾಡ್ರಿ. ಮಧ್ಯಾಹ್ನದ ಊಟಕ್ಕ "ಡಿನ್ನರ್" ಅನ್ನೋ ಮಂದಿನೂ ಅದಾರ.

ಕಡ್ಲೆಪುರಿ:

ಎಲ್ಲರಿಗೂ ಧನ್ಯವಾದ. ಮಿನ್ಸ್‌ಪೈ ವಿಷಯ ಕೇಳಿ ತಲೆ ತಿರುಗಿತು. ಇನ್ನೊಂದು: ಹಾಸ್ಟೆಲಿನ ಸಾಮಾನ್ಯ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಅಲಾರಂ ಹೊಡೆಯುತ್ತದಂತೆ, ನಿಜವಾ? ಬಸ್ಸು ರೈಲಿನ ವಿಷಯ ಇನ್ನೂ ಯಾರೂ ಹೇಳಿಲ್ಲ.

ಕೊನೇಬಸ್:

ಲೀಡ್ಸ್‌ನಲ್ಲಿ ಮೆಟ್ರೋ ಇಲ್ಲ, ಟ್ರಾಮ್ ಇಲ್ಲ. ಬಸ್ಸೇ ಗತಿ. ನಿಲ್ದಾಣದಲ್ಲಿ ಸುಮ್ಮನೆ ನಿಂತರೆ ಬಸ್ಸು ನಿಲ್ಲದೆ ಹೋಗಬಹುದು, ಕೈ ಅಡ್ಡ ಚಾಚಬೇಕು. ಮುಂಬಾಗಿಲಲ್ಲಿ ಹತ್ತಿ ಇಳಿಯುವ ಜಾಗ ಹೇಳಿ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ತೋರಿಸಿ, ಇಳಿಯುವಾಗ ಡ್ರೈವರ್‌ಗೆ ಒಂದು "ಚಿಯರ್ಸ್". 2025ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಲಂಡನ್ ಹೊರಗಿನ ಬಹುತೇಕ ಬಸ್ಸುಗಳಲ್ಲಿ ಒಂದು ಸಲದ ಪ್ರಯಾಣಕ್ಕೆ ಗರಿಷ್ಠ 3 ಪೌಂಡ್ ಎಂಬ ಮಿತಿ ಬಂತು, ವೆಸ್ಟ್ ಯಾರ್ಕ್‌ಷೈರ್‌ನಲ್ಲಿ ಆಗ ಅದಕ್ಕಿಂತ ಕಡಿಮೆ ಇತ್ತು. ಮೂರು ಸಲ ಹತ್ತುವ ದಿನವಾದರೆ ದಿನದ ಪಾಸು.

ಶನಿವಾರ ಮಧ್ಯಾಹ್ನ ಹೆಡಿಂಗ್ಲಿ ಕಡೆಯ ಬಸ್ಸು ನಂಬಬೇಡಿ. ಆಟ್ಲಿ ರನ್ ಎಂದು, ಆ ರಸ್ತೆಯ ಪಬ್ಬುಗಳನ್ನೆಲ್ಲ ವೇಷ ಹಾಕಿಕೊಂಡು ಒಂದೊಂದಾಗಿ ಮುಗಿಸುತ್ತ ಊರ ನಡುವಿನವರೆಗೆ ಬರುವ ದಂಡು ಇರುತ್ತದೆ. ಲೀಡ್ಸ್ ನಿಲ್ದಾಣದಿಂದ ಹ್ಯಾರೊಗೇಟ್ ಕಡೆಯ ರೈಲು ಹತ್ತಿ ಬರ್ಲಿ ಪಾರ್ಕ್ ಅಥವಾ ಹೆಡಿಂಗ್ಲಿಯಲ್ಲಿ ಇಳಿದು ಮೈದಾನಕ್ಕೆ ನಡೆಯುವುದು ವಾಸಿ.

ರೈಲು ಹತ್ತಿದ ಮೇಲೆ ಟಿಕೆಟ್ ತೆಗೆದರಾಯಿತು ಎನ್ನುವುದು ನಡೆಯದು. ಪೆನಾಲ್ಟಿ ಫೇರ್ 100 ಪೌಂಡ್, ಜೊತೆಗೆ ಟಿಕೆಟ್ ಹಣ. 21 ದಿನದೊಳಗೆ ಕಟ್ಟಿದರೆ ದಂಡ 50ಕ್ಕೆ ಇಳಿಯುತ್ತದೆ. 16-25 ರೈಲ್‌ಕಾರ್ಡ್ ಮಾಡಿಸಿ, ಮೂರನೇ ಒಂದು ಭಾಗ ಕಡಿತ. 26 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಗೆ ಸಿಗುತ್ತದೆ. ಬೆಳಿಗ್ಗೆ 10ರ ಮೊದಲು ಕೆಲಸದ ದಿನಗಳಲ್ಲಿ ಕನಿಷ್ಠ ದರದ ಷರತ್ತಿದೆ, ಹತ್ತಿರದ ಊರಿಗೆ ಆಗ ಅದರಿಂದ ಲಾಭವಿಲ್ಲ. ಫೋನಿನಲ್ಲಿ ರೈಲ್‌ಕಾರ್ಡ್ ಇಟ್ಟು ಬ್ಯಾಟರಿ ಸತ್ತರೆ ಕಾರ್ಡ್ ಇಲ್ಲದ ಲೆಕ್ಕ. ದೂರದ ಪ್ರಯಾಣಕ್ಕೆ ಟಿಕೆಟ್ ತುಂಡು ಮಾಡಿ ಕೊಂಡರೆ ಅಗ್ಗವಾಗುವುದುಂಟು, ಉದಾಹರಣೆಗೆ ಲೀಡ್ಸ್‌ನಿಂದ ಡಾನ್‌ಕ್ಯಾಸ್ಟರ್, ಅಲ್ಲಿಂದ ಲಂಡನ್. ಇಳಿಯಬೇಕಿಲ್ಲ, ಆದರೆ ನೀವು ಕೂತ ರೈಲು ಡಾನ್‌ಕ್ಯಾಸ್ಟರ್‌ನಲ್ಲಿ ನಿಲ್ಲಲೇಬೇಕು. ರೈಲು ತಡವಾದರೆ ಬೈದುಕೊಂಡು ಸುಮ್ಮನಾಗಬೇಡಿ, ಟಿಕೆಟ್ ಎಸೆಯಬೇಡಿ. ಡಿಲೇ ರಿಪೇ ಎಂದು ಅರ್ಜಿ ಹಾಕಿದರೆ ಹಣ ವಾಪಸು ಬರುತ್ತದೆ, ಅನೇಕ ಕಂಪನಿಗಳಲ್ಲಿ 15 ನಿಮಿಷ ತಡವಾದರೂ. ಗಡುವು 28 ದಿನ.

ಭಾನುವಾರ ದಿನಸಿ ತರುವವರಿಗೆ ಒಂದು: 280 ಚದರ ಮೀಟರ್ ಮೀರಿದ ಅಂಗಡಿಗಳು ಅಂದು ಬೆಳಿಗ್ಗೆ 10ರಿಂದ ಸಂಜೆ 6ರ ನಡುವೆ ಆರು ಗಂಟೆ ಮಾತ್ರ ತೆರೆದಿರಬಹುದು. ನಾಲ್ಕಕ್ಕೋ ಐದಕ್ಕೋ ಬಾಗಿಲು. ತಪ್ಪಿದರೆ ಮೂಲೆಯ ಸಣ್ಣ ಅಂಗಡಿ, ಬೆಲೆ ಜಾಸ್ತಿ.

ಉಪ್ಪುಹುಳಿ:

ಅಲಾರಂ ವಿಷಯ. ಹಾಸ್ಟೆಲಿನ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಬಿಸಿಯನ್ನು ಗುರುತಿಸುವ ಯಂತ್ರ, ಹೊರಗೆ ಓಣಿಯಲ್ಲಿ ಹೊಗೆ ಗುರುತಿಸುವ ಯಂತ್ರ. ಅಂದರೆ ಒಳಗೆ ಒಗ್ಗರಣೆ ಹೊಗೆ ತುಂಬಿದರೂ ಸುಮ್ಮನಿರುತ್ತದೆ, ಗಾಳಿ ಬರಲಿ ಎಂದು ಯಾರೋ ಬಾಗಿಲಿಗೆ ಕುರ್ಚಿ ಕೊಟ್ಟ ತಕ್ಷಣ ಓಣಿಯದು ಕೂಗುತ್ತದೆ, ಇಡೀ ಕಟ್ಟಡ ಬೀದಿಯಲ್ಲಿ. ಆದ್ದರಿಂದ ಬಾಗಿಲು ಮುಚ್ಚಿ, ಕಿಟಕಿ ತೆಗೆದು, ಫ್ಯಾನ್ ಹಾಕಿ. ಯಂತ್ರಕ್ಕೆ ಪ್ಲಾಸ್ಟಿಕ್ ಕಟ್ಟುವ ಬುದ್ಧಿವಂತಿಕೆ ಬೇಡ, ಸಿಕ್ಕಿಬಿದ್ದರೆ ದಂಡ.

ಎಣ್ಣೆ ಹೊಗೆಯಾಡುವವರೆಗೆ ಕಾಯಿಸಬೇಡಿ. ಎರಡು ಕಾಳು ಸಾಸಿವೆ ಹಾಕಿ ನೋಡಿ, ಸಿಡಿದರೆ ಉಳಿದದ್ದು ಹಾಕಿ ಮುಚ್ಚಿ. ಸಿಡಿತ ನಿಂತ ಮೇಲೆ ಪಾತ್ರೆಯನ್ನು ಒಲೆಯಿಂದ ಪಕ್ಕಕ್ಕೆ ಸರಿಸಿ, ಆಮೇಲೆ ಒಣಮೆಣಸಿನಕಾಯಿ, ಇಂಗು, ಕರಿಬೇವು. ಸ್ವಿಚ್ ಆರಿಸಿದರೆ ಸಾಲದು, ಗಾಜಿನ ವಿದ್ಯುತ್ ಒಲೆ ಆರಿಸಿದ ಮೇಲೂ ಕಾದೇ ಇರುತ್ತದೆ, ಮೆಣಸಿನಕಾಯಿ ಕಪ್ಪಾಗಿ ಘಾಟು ಏಳುವುದು ಹಾಗೆ. ಇಂಡಕ್ಷನ್ ಒಲೆಯಾದರೆ ಊರಿನಿಂದ ಒಗ್ಗರಣೆ ಸೌಟು ಹೊರಬೇಡಿ. ಅದರ ತಳ ಸಣ್ಣದು, ಒಲೆಗೆ ಪಾತ್ರೆ ಇದೆಯೆಂದೇ ಗೊತ್ತಾಗುವುದಿಲ್ಲ. ತಳಕ್ಕೆ ಅಯಸ್ಕಾಂತ ಕಚ್ಚುವ, ಅಂಗೈಗಿಂತ ಅಗಲದ ಸಣ್ಣ ಬಾಣಲೆ ಅಲ್ಲೇ ಕೊಳ್ಳಿ. ಕುಕ್ಕರಿಗೂ ಅದೇ ಅಯಸ್ಕಾಂತದ ಪರೀಕ್ಷೆ, ಅಲ್ಯೂಮಿನಿಯಂ ಆದರೆ ಮನೆಯಲ್ಲೇ ಬಿಡಿ.